ಮೆಟ್ಟಿಲ ಕೆಳಗಿನ ವಿನಿಗರ್

ಕಳೆದ ಭಾನುವಾರ ನಾನು ಕಸದ ಬುಟ್ಟಿಗೆ ಕೈ ಹಾಕಿ ಒಂದು ಶೀಶೆಯನ್ನು ಎತ್ತಿಕೊಂಡೆ. ನಿವೃತ್ತ ಮುಖ್ಯೋಪಾಧ್ಯಾಯಿನಿ ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ನನ್ನ ಮಗಳು ಶ್ರುತಿ ಕೇಳಿಯೇ ಬಿಟ್ಟಳು. ರಜಾ ಬಂದರೆ ಸಾಕು, ಅವಳಿಗೆ ನನ್ನ ಅಡುಗೆಮನೆಯನ್ನು ಉದ್ಧಾರ ಮಾಡುವ ಹುರುಪು ಹತ್ತುತ್ತದೆ. ಡಬ್ಬ ಎತ್ತುತ್ತಾಳೆ, ತಿರುಗಿಸುತ್ತಾಳೆ, ತಳದಲ್ಲಿರುವ ಸಾಸಿವೆ ಗಾತ್ರದ ಅಕ್ಷರಗಳನ್ನು ಓದುತ್ತಾಳೆ, ಬುಟ್ಟಿಗೆ ಎಸೆಯುತ್ತಾಳೆ. ನನ್ನ ಜನ್ಮದಿನಾಂಕ ನನ್ನ ಪಾದದಡಿ ಅಚ್ಚಾಗಿಲ್ಲವಲ್ಲ ಎಂದು ಎಷ್ಟೋ ಸಲ ಸಮಾಧಾನಪಟ್ಟುಕೊಂಡಿದ್ದೇನೆ.

"ಅಮ್ಮಾ, ಡೇಟ್ ಮುಗ್ದು ಎಂಟು ತಿಂಗಳಾಗಿದೆ. ಬಿಸಾಕು ಅದನ್ನ."

"ವಿನಿಗರ್ ಕಣೇ ಇದು."

"ವಿನಿಗರ್ ಆದ್ರೇನು? ಎಕ್ಸ್‌ಪೈರಿ ಅಂದ್ರೆ ಎಕ್ಸ್‌ಪೈರೀನೇ."

"ಹುಳಿ ಆಗಿ ಆಗಿ ಇದಾಗಿರೋದು. ಇನ್ನೇನು ಕೆಡೋಕಿದೆ ಇದ್ರಲ್ಲಿ?"

ಈ ಕೊನೆಯ ಮಾತು ನನ್ನ ಸ್ವಂತದ್ದಲ್ಲ, ನನ್ನ ಅಮ್ಮನದು. ಅಮ್ಮನಿಗೆ ಈಗ ಎಂಬತ್ತಾರು. ಬಸವೇಶ್ವರನಗರದ ನಮ್ಮ ಮನೆಯ ಹಾಲಿನಲ್ಲಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಬೀದಿಯ ಲೆಕ್ಕಾಚಾರವನ್ನೆಲ್ಲ ನೋಡಿಕೊಳ್ಳುತ್ತಾಳೆ. ಟೀವಿಯಲ್ಲಿ ಹೇಳಿದ್ದು ಕೇಳಿಸುವುದಿಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಕೇಳಿಸುತ್ತದೆ. ಅಲ್ಲಿಂದಲೇ ಕೂಗಿದಳು:

"ಪದ್ದೂ, ಮುಚ್ಚಳ ತಗಡಿಂದಾ, ಪ್ಲಾಸ್ಟಿಕ್ಕಾ ನೋಡು!"

ನಾನು ಬೆಚ್ಚಿ ಶೀಶೆ ತಿರುಗಿಸಿ ನೋಡಿದೆ. ಪ್ಲಾಸ್ಟಿಕ್ಕೇ ಇತ್ತು, ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ವಿನಿಗರಿನ ಶೀಶೆ, ತಗಡಿನ ಮುಚ್ಚಳ ಎರಡೂ ಒಂದೇ ಮಾತಿನಲ್ಲಿ ಬಂದರೆ ನಾನು ಐವತ್ತು ವರ್ಷಗಳಿಂದ ಹೀಗೆಯೇ ಬೆಚ್ಚುತ್ತಾ ಬಂದಿದ್ದೇನೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಆ ಭಾನುವಾರ, ಕಸದ ಬುಟ್ಟಿಯ ಮುಂದೆ ಶೀಶೆ ಹಿಡಿದು ನಿಂತಾಗ, ಇನ್ನು ಹೇಳಿಯೇ ತೀರಬೇಕು ಎಂದು ನಿರ್ಧಾರ ಮಾಡಿದೆ. ಅದೇನೆಂದು ನಿಮಗೆ ಮೊದಲು ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ನಡುಗಾಲ. ನಾವಾಗ ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಮಾಲೀಕರು ಮೇಲೆ, ನಾವು ಕೆಳಗೆ. ಮೇಲಕ್ಕೆ ಹೋಗುವ ಮೆಟ್ಟಿಲು ಹೊರಗಿನಿಂದ ಇತ್ತು. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಸೈರನ್ ಕೂಗಿದರೆ ನಮ್ಮ ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಈಗ ನಾನು ವಾಸವಾಗಿರುವ ಬಸವೇಶ್ವರನಗರದಲ್ಲಿ ಆಗ ಹುರುಳಿ ಹೊಲ, ನಡುನಡುವೆ ಸೈಟಿನ ಮೂಲೆಗಲ್ಲು. ಮಹಾಲಕ್ಷ್ಮಿ ಲೇಔಟಿನ ಕಡೆ ಹೋಗಿ ಬಂದರೆ ಚಪ್ಪಲಿಯ ತುಂಬ ಕೆಂಪು ಧೂಳು. ಮನೆಯಲ್ಲಿ ಅಪ್ಪ, ಅಮ್ಮ, ಆರನೇ ಕ್ಲಾಸಿನ ನಾನು, ಮತ್ತು ಅಪ್ಪನ ಅಮ್ಮ, ನನ್ನ ಅಜ್ಜಿ. ಮನೆಗೆ ಎರಡು ರೂಮು. ಅಜ್ಜಿಯ ಮಡಿಗೆ ಅಂತ ಅರ್ಧ ರೂಮು ಕಳೆದರೆ ಒಂದೂವರೆ.

ಅಜ್ಜಿಯ ಬಳಿ ಮೂರು ಪಿಂಗಾಣಿ ಭರಣಿಗಳಿದ್ದವು. ಮೇಲರ್ಧ ಕಂದು, ಕೆಳಗರ್ಧ ಕೆನೆಬಣ್ಣ. ಅಂಥವನ್ನು ನೀವೂ ನೋಡಿರುತ್ತೀರಿ. ದೊಡ್ಡದರಲ್ಲಿ ಮಾವಿನಕಾಯಿ, ನಡುವಿನದರಲ್ಲಿ ಹೇರಳೆಕಾಯಿ, ಚಿಕ್ಕದರಲ್ಲಿ ಉಪ್ಪಿನಲ್ಲಿ ಹಾಕಿದ ನಿಂಬೆ. ತವರಿನಿಂದ ಬಂದವು. ಅಡುಗೆಮನೆಯ ಕಲ್ಲು ಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಒದ್ದೆ ಕೈಯಲ್ಲಿ ಮುಟ್ಟಬಾರದು, ಒದ್ದೆ ಸೌಟು ಹಾಕಬಾರದು, ಬಾಗಿ ಮಾತಾಡಬಾರದು, ಮುಚ್ಚಳದ ಕೆಳಗೆ ಒಗೆದ ಬಿಳಿ ಬಟ್ಟೆ ಬಿಗಿದೇ ಇರಬೇಕು. ಆ ಗೂಡಿನ ಹತ್ತಿರ ಹೋಗುವಾಗ ನಾವೆಲ್ಲ ದೇವರ ಮನೆಗೆ ಹೋಗುವುದಕ್ಕಿಂತ ಹೆಚ್ಚು ಹುಷಾರಾಗಿರುತ್ತಿದ್ದೆವು.

ಇಂಥ ಮನೆಗೆ ಅಮ್ಮ ವಿನಿಗರ್ ತರುತ್ತೇನೆ ಎಂದಳು.

ಅದಕ್ಕೊಂದು ಕಾರಣವಿತ್ತು. ಅಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದ ಪೇಪರು ಹೋಗಿ, ಮತ್ತೆ ಕಟ್ಟುವ ಮೊದಲೇ ಮದುವೆಯಾಗಿ ಬಂದವಳು. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು, ಬಾಡಿಗೆ ಕರಾರಿನಲ್ಲಿ ಅಪ್ಪನ ಹೆಸರು, ನನ್ನ ಸ್ಕೂಲಿನ ಕಾರ್ಡಿನಲ್ಲೂ ಅಪ್ಪನದೇ ಹೆಸರು, ಅಪ್ಪನದೇ ಸಹಿ. "ನನ್ನ ಹೆಸರು ಬರೆದಿರೋ ಒಂದು ಕಾಗದ ಈ ಮನೇಲಿಲ್ಲ" ಎಂದು ಅಮ್ಮ ಒಂದು ಸಲ ಟ್ರಂಕು ಜೋಡಿಸುವಾಗ ಅಂದದ್ದು ನನಗೆ ನೆನಪಿದೆ. ಆಮೇಲೆ ನಮ್ಮ ಬ್ಲಾಕಿನ ಮಹಿಳಾ ಸಮಾಜದಲ್ಲಿ ಹಣ್ಣು ತರಕಾರಿ ಕೆಡದಂತೆ ಇಡುವ ಕ್ಲಾಸು ಶುರುವಾಯಿತು. ಕೊನೆಗೆ ಪರೀಕ್ಷೆ, ಪಾಸಾದವರಿಗೆ ಸರ್ಟಿಫಿಕೇಟು. ಅಮ್ಮ ಮಾರನೆಯ ದಿನವೇ ಹೆಸರು ಬರೆಸಿ ಬಂದಳು. ಯಾರನ್ನೂ ಕೇಳಲಿಲ್ಲ.

ಕ್ಲಾಸಿನ ಸರೋಜಮ್ಮ ಟೀಚರು ಬಲು ಕಟ್ಟುನಿಟ್ಟು. ಪರೀಕ್ಷೆ ಏನೆಂದರೆ, ಪ್ರತಿಯೊಬ್ಬರೂ ಕ್ಯಾರೆಟ್ಟು, ಹುರುಳಿಕಾಯಿ, ಹಸಿಮೆಣಸಿನಕಾಯಿಯನ್ನು ವಿನಿಗರಿನಲ್ಲಿ ಹಾಕಿ, ತಮ್ಮ ಮನೆಯಲ್ಲೇ ನಲವತ್ತು ದಿನ ಇಟ್ಟು ತರಬೇಕು. ಟೀಚರು ಮುಚ್ಚಳ ತೆಗೆದು ನೋಡುತ್ತಾರೆ, ಮೂಸುತ್ತಾರೆ, ಕಚ್ಚುತ್ತಾರೆ. "ಹಾಕೋದು ಯಾರ್ ಬೇಕಾದ್ರೂ ಹಾಕ್ತಾರೆ. ಇಡೋದ್ರಲ್ಲಿದೆ ಕೆಲಸ" ಎನ್ನುವುದು ಅವರ ಮಾತು. ಒಬ್ಬೊಬ್ಬರಿಗೂ ಒಂದೊಂದು ಶೀಶೆ ವಿನಿಗರ್ ಅಳೆದು ಕೊಟ್ಟರು. ಅಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

ಅಜ್ಜಿ ಹೊಸಿಲಲ್ಲೇ ನಿಂತಿದ್ದಳು. ಎದುರು ಮನೆಯವರು ಆಗಲೇ ಚುಚ್ಚಿಕೊಟ್ಟಿದ್ದರು.

"ಏನೇ ಸುಶೀಲಾ, ಹೆಂಡ ಹುಳಿ ಬಂದು ಆಗೋದಂತೆ ಅದು?"

"ಕಬ್ಬಿನ ಹಾಲಿಂದಾನೂ ಮಾಡ್ತಾರೆ ಅತ್ತೆ."

"ಕಬ್ಬಿನ ಹಾಲು ಮೊದಲು ಹೆಂಡ ಆಗಿ, ಆಮೇಲೆ ತಾನೇ ಇದಾಗೋದು?"

ಅಮ್ಮ ಸುಳ್ಳು ಹೇಳುವವಳಲ್ಲ. "ಹೂಂ" ಎಂದಳು.

"ಹಾಗಾದ್ರೆ ನನ್ನ ಅಡುಗೆಮನೆಗೆ ಅದು ಬರಕೂಡ್ದು."

"ಅಡುಗೆಮನೆಗೆ ತರಲ್ಲ. ಆದ್ರೆ ಮನೆಗೆ ತರ್ತೀನಿ."

ಇಬ್ಬರೂ ಒಂದೇ ಮಣ್ಣಿನಲ್ಲಿ ಮಾಡಿದ ಹೆಂಗಸರು. ಅಪ್ಪ ಪೇಪರಿನಿಂದ ತಲೆ ಎತ್ತದೆ ಪುಟ ಮಗುಚಿದರು.

ಅಲ್ಲಿಂದ ಅಮ್ಮ ಜಾಗ ಹುಡುಕಲು ಶುರು ಮಾಡಿದಳು. ಟೀಚರು ಹೇಳಿದ್ದರು: ಬಿಸಿಲು ತಾಕಬಾರದು, ಒಲೆಯ ಶಾಖ ತಾಕಬಾರದು, ಗಾಳಿ ಆಡಬಾರದು, ಲೋಹ ಮುಟ್ಟಲೇಬಾರದು. ಒಂದೂವರೆ ರೂಮಿನ ಮನೆಯಲ್ಲಿ ಇಂಥ ಜಾಗ ಎಲ್ಲಿ? ವೆರಾಂಡದಲ್ಲಿ ಸಂಜೆ ಬಿಸಿಲು ಒಳಗೇ ಬಂದು ಕೂರುತ್ತಿತ್ತು. ಬಚ್ಚಲಿನಲ್ಲಿ ಹೊಟ್ಟಿನ ಒಲೆ, ಅದರ ಮೇಲೆ ಹಂಡೆ. ಮನೆಯೊಳಗೆ ಅತ್ಯಂತ ತಂಪಾದ, ಕತ್ತಲಾದ ಜಾಗವೆಂದರೆ ಅಜ್ಜಿಯ ಮಂಚದ ಕೆಳಗಿನ ಕೆಂಪು ಗಾರೆ ನೆಲ. ಬೇಸಿಗೆಯಲ್ಲಿ ನಾನು ಅಲ್ಲೇ ಮಲಗಿ ಓದಿಕೊಳ್ಳುತ್ತಿದ್ದೆ. ಅಮ್ಮ ಕೇಳಿಯೂ ನೋಡಿದಳು. "ನನ್ನ ತಲೆ ಕೆಳಗೆ ಹೆಂಡ ಇಟ್ಕೊಂಡು ರಾಮ ರಾಮ ಅನ್ಲಾ?" ಎಂದಳು ಅಜ್ಜಿ. ಅಪ್ಪ ಒಂದು ಉಪಾಯ ಹೇಳಿದರು, ಗೇಟಿನ ಪಕ್ಕದ ನೀರಿನ ಮೀಟರಿನ ಗುಂಡಿಯಲ್ಲಿ ಇಡು, ಮೇಲೆ ಚಪ್ಪಡಿ ಇದೆ, ತಣ್ಣಗಿರುತ್ತೆ ಅಂತ. ಅಮ್ಮ ಅಲ್ಲೂ ಎರಡು ದಿನ ಇಟ್ಟಳು. ಮೂರನೆಯ ದಿನ ಮೀಟರ್ ಓದಲು ಬಂದವನು ಚಪ್ಪಡಿ ಎತ್ತಿ, ಶೀಶೆ ನೋಡಿ, ಅಪ್ಪನ ಕಡೆ ತಿರುಗಿ, "ಮನೇಲಿ ಇಡೋಕೆ ಬಿಡಲ್ವಾ ಸಾರ್?" ಎಂದು ಬಹಳ ಕನಿಕರದಿಂದ ಕೇಳಿದ. ಅಪ್ಪ ಒಂದು ವಾರ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದರು.

ಕೊನೆಗೆ ಜಾಗ ಸಿಕ್ಕಿದ್ದು ಹೊರಗಿನ ಮೆಟ್ಟಿಲ ಕೆಳಗೆ. ಅಲ್ಲೊಂದು ಗೂಡು, ಇದ್ದಿಲ ಚೀಲ, ಅಪ್ಪನ ಸೈಕಲ್ಲಿನ ಹಳೇ ಟೈರು. ಬಿಸಿಲು ಬೀಳದು, ಶಾಖವಿಲ್ಲ. ಅಮ್ಮ ತರಕಾರಿ ಹೆಚ್ಚಿ, ಒರೆಸಿ, ನೆರಳಲ್ಲಿ ಆರಿಸಿ, ಅಗಲ ಬಾಯಿಯ ಗಾಜಿನ ಶೀಶೆಯಲ್ಲಿ ಜೋಡಿಸಿ, ವಿನಿಗರ್ ಹುಯ್ದಳು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದ ಮಾಲ್ಟ್ ಪುಡಿಯ ಶೀಶೆ ಅದು. ಮುಚ್ಚಳ ತಗಡಿನದು. ಬೇರೆ ಶೀಶೆ ಇರಲಿಲ್ಲ. ಅದಕ್ಕೇ ಅಮ್ಮ ಟೀಚರು ಹೇಳಿದಂತೆ ಬೆಣ್ಣೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ಬಿಗಿದು, ಅದರ ಮೇಲೆ ಮುಚ್ಚಳ ತಿರುಗಿಸಿದಳು. "ಈ ಕಾಗದ ಇರೋವರ್ಗೂ ನಮ್ಗೆ ಭಯ ಇಲ್ಲ ಕಣೇ ಪದ್ದು" ಎಂದು ನನಗೆ ತೋರಿಸಿ ಹೇಳಿದಳು. ತೋರಿಸಿ ಹೇಳಿದಳು ಎನ್ನುವುದನ್ನು ದಯವಿಟ್ಟು ಗಮನದಲ್ಲಿಡಿ.

ಈಗ ನನ್ನ ಸರದಿ. ನನಗೆ ಹುಳಿ ಎಂದರೆ ಪ್ರಾಣ. ಹುಣಿಸೆಹಣ್ಣನ್ನು ಕಡ್ಡಿಗೆ ಸುತ್ತಿ ಚೀಪುತ್ತಿದ್ದವಳು, ಸ್ಕೂಲಿನ ಗೇಟಿನಲ್ಲಿ ನೆಲ್ಲಿಕಾಯಿಗೆ ಜ್ಯಾಮೆಟ್ರಿ ಬಾಕ್ಸಿನ ಕೈವಾರವನ್ನೇ ಕೊಟ್ಟು ಬಂದವಳು. ಅಂಥವಳ ಮನೆಯ ಮೆಟ್ಟಿಲ ಕೆಳಗೆ, ಯಾರೂ ಕಾವಲಿಲ್ಲದ ಕಡೆ, ಗಾಜಿನೊಳಗೆ ಕಿತ್ತಳೆ ಬಣ್ಣದ ಕ್ಯಾರೆಟ್ಟು ಕಾಣುವ ಹಾಗೆ ಇಟ್ಟರೆ! ಹತ್ತು ದಿನ ತಡೆದೆ. ಹತ್ತು ದಿನ ತಡೆದದ್ದಕ್ಕೆ ನನಗೂ ಒಂದು ಸರ್ಟಿಫಿಕೇಟು ಸಲ್ಲಬೇಕಿತ್ತು. ಹನ್ನೊಂದನೆಯ ದಿನ ಸ್ಕೂಲಿಂದ ಬಂದವಳೇ ಮುಚ್ಚಳ ತಿರುಗಿಸಿದೆ. ಬೆಣ್ಣೆ ಕಾಗದ ಹುಳಿಯಲ್ಲಿ ನೆಂದು ಅಂಟಿಕೊಂಡಿತ್ತು. ಎಳೆದರೆ ಹರಿಯಿತು. ಹರಿದ ಕಾಗದವನ್ನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಮೊದಲು ನೆಕ್ಕಿದೆ. ಆಮೇಲೆ ಇದ್ದಿಲ ಚೀಲದ ಹಿಂದೆ ತುರುಕಿದೆ. ಒಂದು ಕ್ಯಾರೆಟ್ಟು ತಿಂದೆ, ಒಂದು ಗುಟುಕು ಕುಡಿದೆ, ತಗಡಿನ ಮುಚ್ಚಳವನ್ನು ಹಾಗೆಯೇ ತಿರುಗಿಸಿ ಇಟ್ಟೆ. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನವೂ. ಕಾಗದದ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ. ಗೊತ್ತಿತ್ತು. ಒಂದು ಕಾಗದದಿಂದ ಏನು ಮಹಾ ಆಗುತ್ತದೆ ಎಂದುಕೊಂಡೆ.

ಇಪ್ಪತ್ತೊಂದನೆಯ ದಿನ ಅಮ್ಮ ನೋಡಿದಳು. ಮುಚ್ಚಳದ ಒಳಗೆಲ್ಲ ತುಕ್ಕು ಹೊಪ್ಪಳಿಕೆ ಎದ್ದಿತ್ತು. ತುಕ್ಕು ನೀರು ಗಾಜಿನ ಒಳಗೋಡೆಯಲ್ಲಿ ಇಳಿದು ಹುರುಳಿಕಾಯಿ ಕಂದು ತಿರುಗಿತ್ತು. ನಾನು ಕುಡಿದು ಕುಡಿದು ವಿನಿಗರ್ ತಗ್ಗಿ, ಮೇಲೆ ಉಳಿದ ಕ್ಯಾರೆಟ್ಟಿಗೆ ಬೂಷ್ಟು ಬಂದಿತ್ತು. ಅಮ್ಮ ಶೀಶೆಯನ್ನು ಒಳಗೆ ತಂದು ಹೊಸಿಲ ಮೇಲಿಟ್ಟಳು. ಇದ್ದಿಲ ಚೀಲದ ಹಿಂದೆ ಸಿಕ್ಕಿದ ಕಾಗದದ ಚೂರು ಅವಳ ಕೈಯಲ್ಲಿತ್ತು. ಆ ದಿನ ಬೆಳಿಗ್ಗೆ ಇದ್ದಿಲು ತೆಗೆಯಲು ಮೆಟ್ಟಿಲ ಕೆಳಗೆ ಹೋಗಿದ್ದವಳು ಅಜ್ಜಿ.

"ಅತ್ತೆ, ಇದನ್ನ ನೀವು ತೆಗೆದ್ರಾ?"

ಅಮ್ಮನ ದನಿ ಏರಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ನಾನು ಅಜ್ಜಿಯ ಮುಂದೆ ಜಡೆ ಹಾಕಿಸಿಕೊಳ್ಳಲು ಕೂತಿದ್ದೆ. ಅಜ್ಜಿಯ ಕೈ ನನ್ನ ಕೂದಲಲ್ಲಿ ನಿಂತಿತು. ಅರ್ಧ ಗಂಟೆ ಮುಂಚೆಯಷ್ಟೇ ಅವಳು ನನ್ನ ಮುಖ ತಿರುಗಿಸಿ, "ಬಾಯೆಲ್ಲ ಯಾಕೇ ಹುಳಿ ನಾತ?" ಎಂದು ಕೇಳಿದ್ದಳು. ನಾನು ನೆಲ್ಲಿಕಾಯಿ ಎಂದಿದ್ದೆ. ಈಗ ಅವಳು ಹೊಸಿಲ ಮೇಲಿನ ಶೀಶೆ ನೋಡಿದಳು, ಅಮ್ಮನ ಮುಖ ನೋಡಿದಳು. ನಾನು ತಲೆ ಎತ್ತಲಿಲ್ಲ. ನನ್ನ ಬೆನ್ನಿಗೆ ತಾಕಿದ್ದ ಅವಳ ಮೊಣಕಾಲು ಮಾತ್ರ ನನಗೆ ತಿಳಿಯುತ್ತಿತ್ತು.

"ಹೂಂ ಕಣೇ, ನಾನೇ. ಏನಿದೆ ಅಂತ ನೋಡ್ದೆ. ಏನೀಗ?" ಎಂದಳು ಅಜ್ಜಿ.

ಅಮ್ಮ ಕಾಗದದ ಚೂರನ್ನು ಮಡಿಸಿದಳು. "ಬೇಡ ಅಂದಿದ್ರೆ ನಾನೇ ಬಿಟ್ಬಿಡ್ತಿದ್ದೆ ಅತ್ತೆ. ಹೀಗೆ ಮಾಡ್ಬಾರ್ದಿತ್ತು" ಎಂದಳು. ಬಿಡುತ್ತಿರಲಿಲ್ಲ, ಅದು ಬೇರೆ ವಿಷಯ. ಅಮ್ಮ ಅಳಲಿಲ್ಲ. ಶೀಶೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಸುರಿದಳು. ತೊಳೆದಳು. ವಾಪಸ್ಸು ಬಂದು, "ನಾಳೆ ಬೇರೆ ಹಾಕ್ತೀನಿ" ಎಂದಳು.

ನಾನು ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಜ್ಜಿ ನನ್ನ ಜಡೆಯನ್ನು ಜಗ್ಗಿ ಬಿಗಿದಳು, ಕಣ್ಣಲ್ಲಿ ನೀರು ಬರುವಷ್ಟು.

ಮಾರನೆಯ ದಿನ ಏಕಾದಶಿಯಲ್ಲ, ಸೋಮವಾರವಲ್ಲ, ಏನೂ ಅಲ್ಲ. ಅಜ್ಜಿ "ಇವತ್ತು ಒಪ್ಪತ್ತು" ಎಂದಳು. ಅಪ್ಪ ಯಾಕೆ ಎಂದರೆ "ಹೊಟ್ಟೆ ಸರಿ ಇಲ್ಲ" ಎಂದಳು. ಸುಳ್ಳಾಡಿದ್ದಕ್ಕೆ ಅವಳು ತನಗೆ ತಾನೇ ಹಾಕಿಕೊಂಡ ಶಿಕ್ಷೆ ಅದು ಎಂದು ಆ ಮನೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಾನು ಎರಡು ಹೊತ್ತೂ ಉಂಡೆ. ಅನ್ನ ಒಳಗೆ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇಳಿಯಿತು. ನಿದ್ದೆ ಮಾತ್ರ ಬರಲಿಲ್ಲ.

ಅವತ್ತು ಅಮ್ಮ ನನ್ನನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೊರಟಳು. ಟೀಚರ ಹತ್ತಿರ ವಿನಿಗರ್ ಮುಗಿದಿತ್ತು, ಅಲ್ಲಿ ಸಿಗುತ್ತದೆ ಎಂದಿದ್ದರು. ಅಪ್ಪನಿಲ್ಲದೆ ಅಮ್ಮ ಅಷ್ಟು ದೂರ ಬಸ್ಸು ಹತ್ತಿದ್ದು ಅದೇ ಮೊದಲು. ಮೆಜೆಸ್ಟಿಕ್ಕಿನಲ್ಲಿ ಇಳಿದು, ಬೇರೆ ಬಸ್ಸು ಕೇಳಿ, ತಪ್ಪು ಬಸ್ಸು ಹತ್ತಿ, ಇಳಿದು, ಮತ್ತೆ ಕೇಳಿ, ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ಟಿನ ಹಿಂದಿನ ಒಂದು ಅಂಗಡಿಯಲ್ಲಿ ನಿಂತೆವು. ಬಿಳಿ ಗಡ್ಡದ ಸಾಬರು, ಕಪಾಟಿನ ಕತ್ತಲಿನಿಂದ ಶೀಶೆ ತೆಗೆದು ಒರೆಸಿದರು.

"ಎಷ್ಟ್ ದಿನ ಇಡಬಹುದು ಇದನ್ನ?" ಅಮ್ಮ ಕೇಳಿದಳು.

"ಎಷ್ಟ್ ದಿನ ಬೇಕೋ ಇಡಿ ಅಮ್ಮಾ. ಸಿರ್ಕಾ ತಾನಾಗಿ ಕೆಡಲ್ಲ. ಮನೇಲಿ ಯಾರಾದ್ರೂ ಕೆಡಿಸ್ಬೇಕು, ಆವಾಗ್ಲೇ ಕೆಡೋದು" ಎಂದರು ಅವರು. ಹೇಳಿ ಯಾಕೋ ನನ್ನ ಕಡೆ ನೋಡಿ ನಕ್ಕರು. ಮಕ್ಕಳನ್ನು ನೋಡಿ ನಗುವುದು ಅವರ ಅಭ್ಯಾಸವಿರಬೇಕು. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ.

ಸಂಜೆ ನಾವು ಮನೆ ಸೇರಿದಾಗ ವೆರಾಂಡದಲ್ಲಿ ಚಿಕ್ಕ ಭರಣಿ ಕೂತಿತ್ತು. ನಿಂಬೆಕಾಯಿಯನ್ನೆಲ್ಲ ತೆಗೆದು, ತೊಳೆದು, ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿತ್ತು. ಅಜ್ಜಿ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಉಪವಾಸದ ಮುಖ.

"ಹುಳಿಗೆ ಯಾರಾದ್ರೂ ತಗಡಿನ ಮುಚ್ಚಳ ಹಾಕ್ತಾರೇನೇ? ನಿಮ್ಮ ಟೀಚರಮ್ಮಂಗೆ ಅಷ್ಟೂ ಗೊತ್ತಿಲ್ವಾ?" ಎಂದಳು. ಆಮೇಲೆ ಬೇರೆ ಕಡೆ ನೋಡುತ್ತಾ, "ತಪ್ಪು ಮಾಡಿದ್ದೀನಲ್ಲ, ದಂಡ ಅಂತ ಇಟ್ಕೋ ಇದನ್ನ. ವಾಪಸ್ ಬೇಡ ನಂಗೆ" ಎಂದಳು.

"ಅತ್ತೆ, ಇದು ನಿಮ್ಮ ತವರಿನದ್ದು..."

"ಹೇಳಿದ್ನಲ್ಲ. ಮುಚ್ಚಳದ ಕೆಳಗೆ ಬಟ್ಟೆ ಕಟ್ಟು, ಎರಡು ಪದರ. ಹುರಿ ಮೂರು ಸುತ್ತು. ಒದ್ದೆ ಕೈ ಹಾಕ್ಬೇಡ."

ಅಮ್ಮ ಭರಣಿ ತುಂಬಿದಳು. ಅಜ್ಜಿ ದೂರದಲ್ಲೇ ಕೂತು, ಇನ್ನೂ ಬಿಗಿ, ಇನ್ನೂ ಬಿಗಿ ಎನ್ನುತ್ತಿದ್ದಳು. ಬಟ್ಟೆ ಅಜ್ಜಿಯ ಹಳೆಯ ಮಡಿ ಸೀರೆಯದೇ ಚೂರು. ಅಮ್ಮ ಅದನ್ನು ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟಾಗ ಅಜ್ಜಿ ತಡೆದಳು.

"ಅಲ್ಲಿ ಬೇಡ. ಮಂಚದ ಕೆಳಗಿಡು. ನನ್ನ ಭರಣಿ ನನ್ನ ಕಣ್ಮುಂದೇನೇ ಇರ್ಲಿ."

ಹೀಗೆ ಹೆಂಡದ ಹುಳಿ ಅಜ್ಜಿಯ ರಾಮನಾಮದ ಕೆಳಗೆ ಬಂದು ಕೂತಿತು. ನನಗೆ ಅವಳು ಹೇಳಿದ್ದು ಒಂದೇ ಮಾತು, ಅದೂ ಎರಡು ದಿನ ಬಿಟ್ಟು, ತಲೆಗೆ ಎಣ್ಣೆ ತಟ್ಟುವಾಗ. "ಹುಳಿ ತಿನ್ಬೇಕು ಅನ್ನಿಸಿದ್ರೆ ಕೇಳು. ಕೇಳೋಕೆ ಬಾಯಿಲ್ವಾ?" ಅಷ್ಟೇ. ಅಮ್ಮನಿಗೆ ಹೇಳು ಎಂದೂ ಅನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ. ಯಾಕೆ ಹಾಗೆ ಮಾಡಿದಳು ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ನನಗೆ ತೋಚುವುದು ಇಷ್ಟು: ಅತ್ತೆಯ ಮೇಲಿನ ಸಿಟ್ಟು ಅಮ್ಮನಿಗೆ ರೂಢಿಯಿತ್ತು, ಎರಡು ದಿನದಲ್ಲಿ ಇಳಿಯುತ್ತಿತ್ತು. ತನ್ನ ಹೆಸರು ಬರೆದಿರಲೆಂದು ಆಸೆಪಟ್ಟ ಒಂದೇ ಒಂದು ಕಾಗದವನ್ನು ಹೊಟ್ಟೆಯಲ್ಲಿ ಹುಟ್ಟಿದವಳೇ ಹಾಳುಮಾಡಿದಳು ಎಂದು ಗೊತ್ತಾಗಿದ್ದರೆ ಅದು ಇಳಿಯುತ್ತಿರಲಿಲ್ಲವೇನೋ.

ಪರೀಕ್ಷೆಯ ದಿನ ನಾನೂ ಮಹಿಳಾ ಸಮಾಜಕ್ಕೆ ಹೋಗಿದ್ದೆ. ಉದ್ದ ಮೇಜಿನ ಮೇಲೆ ಇಪ್ಪತ್ತು ಗಾಜಿನ ಶೀಶೆಗಳು, ನಡುವೆ ಅಮ್ಮನ ಕಂದು ಭರಣಿ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಯಾರೋ ಹಿಂದೆ ಕಿಸಕ್ಕೆಂದರು. ಟೀಚರು ಒಂದೊಂದನ್ನೇ ತೆಗೆಯುತ್ತಾ ಬಂದರು. ಒಬ್ಬರದು ಕದಡಿತ್ತು, ಇನ್ನೊಬ್ಬರದು ಕಿಟಕಿಯಲ್ಲಿಟ್ಟು ಬಣ್ಣ ಹೋಗಿತ್ತು, ಮೂರು ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಅಮ್ಮನ ಭರಣಿಯಿಂದ ಒಂದು ಹುರುಳಿಕಾಯಿ ತೆಗೆದು ಕಚ್ಚಿದರು. ಟಪ್ಪೆಂದ ಸದ್ದು ನನಗೂ ಕೇಳಿಸಿತು.

"ಚೆನ್ನಾಗಿದೆ. ನಲವತ್ತು ದಿನ ಆಯ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಭರಣಿಯ ಮೇಲೆ ತಾರೀಕು ಬರೆದಿರಲಿಲ್ಲ.

"ಇಲ್ಲ ಮೇಡಂ. ಹದಿನೆಂಟು. ಮೊದಲ್ನೇದು ಕೆಟ್ಹೋಯ್ತು" ಎಂದಳು ಅಮ್ಮ.

ಟೀಚರು ಕನ್ನಡಕ ತೆಗೆದರು. "ಹಾಗಾದ್ರೆ ಇವತ್ತು ಕೊಡೋಕಾಗಲ್ಲ ಸುಶೀಲಾ. ಇನ್ನು ಇಪ್ಪತ್ತೆರಡು ದಿನ ಇಟ್ಟು, ಇದೇ ಭರಣಿ ತಗೊಂಬನ್ನಿ. ನೋಡೋಣ" ಎಂದರು. ಬಟ್ಟೆಯನ್ನು ತಾವೇ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ ಕೊಟ್ಟರು. ಉಳಿದವರಲ್ಲಿ ಹನ್ನೆರಡು ಜನಕ್ಕೆ ಅವತ್ತೇ ಸರ್ಟಿಫಿಕೇಟು ಸಿಕ್ಕಿತು, ಕಾಫಿ, ಬೋಂಡ, ಫೋಟೋ ಎಲ್ಲ ಆಯಿತು. ಅಮ್ಮ ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಅವಳ ಪಕ್ಕದಲ್ಲಿ ನಡೆಯುತ್ತಾ, ಹೇಳಲೇ, ಹೇಳಲೇ ಎಂದುಕೊಂಡೆ. ಹೇಳಲಿಲ್ಲ.

ಇಪ್ಪತ್ತೆರಡು ದಿನ ಅಜ್ಜಿ ಆ ಭರಣಿಯನ್ನು ಕಾದಳು. ನಾನು ಮಂಚದ ಕೆಳಗೆ ಓದಲು ನುಸುಳಿದರೆ ಕಾಲು ಅಡ್ಡ ಇಡುತ್ತಿದ್ದಳು. ನಲವತ್ತನೆಯ ದಿನ ಅಮ್ಮ ಒಬ್ಬಳೇ ಹೋದಳು. ಕ್ಲಾಸು ಮುಗಿದು ಹಾಲ್ ಖಾಲಿಯಿತ್ತಂತೆ. ಟೀಚರು ಮುದ್ರೆ ಒಡೆದು, ಕಚ್ಚಿ ನೋಡಿ, ಅಲ್ಲೇ ಮೇಜಿನ ಮೇಲೆ ಸರ್ಟಿಫಿಕೇಟು ಬರೆದರಂತೆ. ಕಾಫಿಯಿಲ್ಲ, ಫೋಟೋ ಇಲ್ಲ. ಆದರೆ ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ಅಮ್ಮನ ಹೆಸರಿತ್ತು. ಮುಂದಿನ ವರ್ಷ ಅದೇ ಕ್ಲಾಸಿನಲ್ಲಿ ಅಮ್ಮನೇ ಪಾಠ ಹೇಳಿಕೊಡತೊಡಗಿದಳು. ಹದಿನಾರು ವರ್ಷ ಹೇಳಿಕೊಟ್ಟಳು. ಪ್ರತಿ ವರ್ಷ ಮೊದಲ ಪಾಠದಲ್ಲಿ ಈ ಕಥೆ ಬರುತ್ತಿತ್ತು: ನಮ್ಮತ್ತೆ ಮುಚ್ಚಳ ತೆಗೆದು ಕೆಡಿಸಿದ್ದು, ತಪ್ಪು ಒಪ್ಪಿಕೊಂಡು ಭರಣಿ ದಂಡ ಕೊಟ್ಟದ್ದು. ಹೆಂಗಸರೆಲ್ಲ ನಗುತ್ತಿದ್ದರು. ಅಜ್ಜಿಯೂ ಕೇಳಿ ನಗುತ್ತಿದ್ದಳು. ಗೂಡಿನಲ್ಲಿ ಚಿಕ್ಕ ಭರಣಿಯ ಜಾಗವನ್ನು ಮಾತ್ರ ಅವಳು ಬದುಕಿರುವವರೆಗೂ ಖಾಲಿಯಾಗಿಯೇ ಬಿಟ್ಟಿದ್ದಳು. ಅಲ್ಲಿ ಏನನ್ನಾದರೂ ಇಡಲು ಹೋದರೆ ಎತ್ತಿ ಪಕ್ಕಕ್ಕಿಡುತ್ತಿದ್ದಳು.

ದೊಡ್ಡ ಭರಣಿ ಮನೆ ಬದಲಾಯಿಸುವಾಗ ಒಡೆಯಿತು. ನಡುವಿನದು, ಚಿಕ್ಕದು ಎರಡೂ ಈಗ ನನ್ನ ಅಡುಗೆಮನೆಯಲ್ಲಿವೆ. ಚಿಕ್ಕದರಲ್ಲಿ ಅಂದಿನಿಂದ ಇಂದಿನವರೆಗೆ ವಿನಿಗರ್. ಅಂಗಡಿಯಿಂದ ಏನೇ ಶೀಶೆ ತಂದರೂ ಭರಣಿಗೆ ಸುರಿಯಬೇಕೆಂಬುದು ಅಮ್ಮನ ಕಾನೂನು. ಶ್ರುತಿ ಬುಟ್ಟಿಗೆ ಎಸೆದದ್ದು ಹಾಗೆ ಸುರಿದು ಮಿಕ್ಕ ಶೀಶೆ.

ಇಷ್ಟು ನಿಮಗೆ ಹೇಳಿಯಾಯಿತಲ್ಲ. ಭಾನುವಾರ ಆ ಶೀಶೆಯನ್ನು ಹಿಡಿದುಕೊಂಡೇ ಹಾಲಿಗೆ ಹೋಗಿ, ಅಮ್ಮನ ಕುರ್ಚಿಯ ಮುಂದೆ ಮೊಣಕಾಲೂರಿ ಕೂತೆ. ಅರುವತ್ತು ದಾಟಿದವಳು, ಮಂಡಿ ಲಟಕ್ಕೆಂದಿತು.

"ಅಮ್ಮ, ಅವತ್ತು ಮುಚ್ಚಳ ತೆಗೆದಿದ್ದು ಅಜ್ಜಿ ಅಲ್ಲ. ನಾನು. ಕಾಗದ ಹರಿದಿದ್ದೂ ನಾನೇ."

ಯಾವತ್ತು, ಯಾವ ಮುಚ್ಚಳ ಎಂದು ಅಮ್ಮ ಕೇಳಲಿಲ್ಲ. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ಅಡುಗೆಮನೆಯ ಬಾಗಿಲಲ್ಲಿ ಶ್ರುತಿ ಒಂದು ಡಬ್ಬ ಹಿಡಿದು ಹಾಗೆಯೇ ನಿಂತಿದ್ದಳು.

"ಐವತ್ತು ವರ್ಷ ಹೇಳೋಕೆ ಬಾಯಿರ್ಲಿಲ್ವಾ ನಿಂಗೆ?" ಎಂದಳು ಅಮ್ಮ. ಸಿಟ್ಟಿರಲಿಲ್ಲ. "ಏನೂ ಮಾಡ್ದೇ ಇರೋವ್ರ ಹತ್ರ ದಂಡ ಇಸ್ಕೊಂಡ್ಬಿಟ್ನಲ್ಲೇ. ಊರಿಗೆಲ್ಲ ಹೇಳ್ಕೊಂಡ್ ಬಂದ್ನಲ್ಲೇ, ಅವರ ಮುಂದೇನೇ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡಳು. ಎದ್ದಳು. ಕೋಲು ಹುಡುಕಿದಳು.

"ತೆಗಿ ಆ ಭರಣಿ. ಖಾಲಿ ಮಾಡು."

"ಈಗ್ಲಾ ಅಮ್ಮ?"

"ಈಗ್ಲೇ. ಶ್ರುತಿ, ಸೊಪ್ಪಿನವನ ಹತ್ರ ನಿಂಬೆಹಣ್ಣಿದ್ಯಾ ನೋಡು. ಇಪ್ಪತ್ತು ತಗೋ. ಸಿಪ್ಪೆ ತೆಳ್ಳಗಿರ್ಬೇಕು."

ಭರಣಿಯ ವಿನಿಗರನ್ನು ಕಸದ ಬುಟ್ಟಿಯಿಂದ ಬಂದ ಶೀಶೆಗೇ ಸುರಿದೆ. ಭರಣಿ ತೊಳೆದು, ಒರೆಸಿ, ಬಿಸಿಲಿಗೆ ಬೋರಲು ಹಾಕಿದೆ. ಅಮ್ಮ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ಒಣಗುವವರೆಗೂ ಏಳಲಿಲ್ಲ. ಊಟಕ್ಕೆ ಕರೆದರೆ, "ಇವತ್ತು ನಂಗೆ ಒಪ್ಪತ್ತು" ಎಂದಳು. ಸಂಜೆ ನಿಂಬೆಹಣ್ಣನ್ನು ತಾನೇ ಹೆಚ್ಚಿದಳು, ಉಪ್ಪು ತಾನೇ ಅಳೆದಳು. ಬಟ್ಟೆ ಕಟ್ಟಲು ಅವಳ ಬೆರಳು ಬಗ್ಗಲಿಲ್ಲ. ನಾನು ಎರಡು ಪದರ ಹಾಸಿ ಹುರಿ ಸುತ್ತಿದೆ. ಇನ್ನೂ ಬಿಗಿ, ಇನ್ನೂ ಬಿಗಿ ಎಂದಳು.

ನಡುವಿನ ಭರಣಿಯ ಪಕ್ಕದಲ್ಲಿದ್ದ ಮಿಕ್ಸಿಯ ಜಾರನ್ನು ಶ್ರುತಿ ಸರಿಸಿದಳು. ಅಮ್ಮ ಚಿಕ್ಕ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಅಲ್ಲಿಟ್ಟಳು. ಮುಚ್ಚಳದ ಮೇಲೆ ಕೈಯಿಟ್ಟಳು.

"ತಗೊಳಿ ಅತ್ತೆ" ಎಂದಳು. "ನಿಮ್ಮ ಭರಣಿ."